ನಿಮಗಿದು ಗೊತ್ತೇ? ಲೈಬ್ರರಿ ಬಾಗಿಲು ದಾಟಿದ ಮಾತ್ರಕ್ಕೆ ಮಾರ್ಕ್ಸ್ ಬರೋಲ್ಲ!

ಲೈಬ್ರರಿಗೆ ಹೋದರೆ ಮಾರ್ಕ್ಸ್ ಹೆಚ್ಚು ಬರುತ್ತೆ. ಮೇಷ್ಟ್ರು ಹೇಳಿದ್ದು, ಅಪ್ಪ ಹೇಳಿದ್ದು, ಪಕ್ಕದ ಮನೆಯ ರ್‍ಯಾಂಕ್ ಹುಡುಗಿಯ ಅಮ್ಮನೂ ಹೇಳಿದ್ದು. ಇದನ್ನು ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರಾ? ನೋಡಿದ್ದಾರೆ! ಹಲವು ದೇಶಗಳಲ್ಲಿ, ಸಾವಿರಾರು ಮಕ್ಕಳ ಅಂಕಪಟ್ಟಿ ಮುಂದಿಟ್ಟುಕೊಂಡು ನೋಡಿದ್ದಾರೆ. ಸಿಕ್ಕ ಉತ್ತರಗಳು ಮಾತ್ರ ಒಂದಕ್ಕಿಂತ ಒಂದು ವಿಚಿತ್ರ!

ಮೊದಲು ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಹಡರ್ಸ್‌ಫೀಲ್ಡ್ ಅಂತ ಒಂದು ವಿಶ್ವವಿದ್ಯಾಲಯ. ಅಲ್ಲಿನ ಲೈಬ್ರರಿಯವರು 2011ರಲ್ಲಿ ಇನ್ನೂ ಏಳು ವಿಶ್ವವಿದ್ಯಾಲಯಗಳನ್ನು ಜತೆಗೆ ಸೇರಿಸಿಕೊಂಡರು. 33,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ತೆಗೆದು ಕೂತರು. ಎಷ್ಟು ಪುಸ್ತಕ ಮನೆಗೆ ಒಯ್ದ? ಆನ್‌ಲೈನ್ ಸಾಮಗ್ರಿಗೆ ಎಷ್ಟು ಸಲ ಲಾಗಿನ್ ಆದ? ಲೈಬ್ರರಿ ಗೇಟು ಎಷ್ಟು ಸಲ ದಾಟಿದ? ಈ ಮೂರರ ಪಕ್ಕದಲ್ಲಿ, ಕೊನೆಗೆ ಡಿಗ್ರಿಯಲ್ಲಿ ಯಾವ ಕ್ಲಾಸು ಬಂತು ಅಂತ ಬರೆದುಕೊಂಡರು.

ಪುಸ್ತಕ ಒಯ್ದವರಿಗೂ ಒಳ್ಳೆಯ ಕ್ಲಾಸಿಗೂ ನಂಟು ಕಂಡಿತು. ಲಾಗಿನ್ ಆದವರಿಗೂ ಕಂಡಿತು. ಗೇಟು ದಾಟಿದ್ದಕ್ಕೆ? ಏನೂ ಇಲ್ಲ! ದಿನಾ ಬಂದು ಹೋದವನಿಗೂ ಅಪರೂಪಕ್ಕೆ ಬಂದವನಿಗೂ ಅದರಿಂದ ಒಂದೇ ಒಂದು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಲೈಬ್ರರಿಗೆ ಹೋಗುವುದೇ ಬೇರೆ, ಲೈಬ್ರರಿ ಬಳಸುವುದೇ ಬೇರೆ!

ಯಾಕೆ ಹೀಗೆ? ಗೇಟಿಗೇನು ಗೊತ್ತು, ಒಳಗೆ ಬಂದವನು ಓದಲು ಬಂದನೋ, ಗೆಳೆಯನನ್ನು ಹುಡುಕಿ ಬಂದನೋ, ಎಸಿ ಗಾಳಿಗೆ ಬಂದನೋ! ನಮ್ಮೂರಿನ ಲೈಬ್ರರಿಗಳನ್ನೇ ನೋಡಿ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು. ತೆರೆದ ಕೂಡಲೇ ಒಳಗೆ ಓಡಿ ಕುರ್ಚಿಯ ಮೇಲೆ ಬ್ಯಾಗು, ಬ್ಯಾಗಿಲ್ಲದಿದ್ದರೆ ಕರವಸ್ತ್ರ. ಬಂದವರಲ್ಲಿ ಬಹುಪಾಲು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ತಯಾರಾಗುವವರು. ಅವರು ಓದುವುದು ಮನೆಯಿಂದ ತಂದ ಗೈಡು. ಲೈಬ್ರರಿಯ ಕಪಾಟು ಬೆನ್ನ ಹಿಂದೆಯೇ ಇರುತ್ತದೆ, ಕೆಲವರು ತಿರುಗಿಯೂ ನೋಡುವುದಿಲ್ಲ. ಅದು ತಪ್ಪು ಅಂತ ನಾನು ಹೇಳಲಾರೆ. ಗಲಾಟೆಯಿಲ್ಲದ ಒಂದು ಕುರ್ಚಿ ಕೂಡ ದೊಡ್ಡ ಸೌಕರ್ಯವೇ!

ಗಲಾಟೆ ಅಂದೆನಲ್ಲ, ಅದರದೂ ಒಂದು ಕಥೆಯಿದೆ. ನ್ಯೂಯಾರ್ಕಿನಲ್ಲಿ ಒಂದು ಪ್ರಾಥಮಿಕ ಶಾಲೆ. ಕಟ್ಟಡದ ಒಂದು ಮಗ್ಗುಲಿಗೆ ಮೇಲ್ಸೇತುವೆಯ ರೈಲುಹಳಿ. ಕೆಲವೇ ನಿಮಿಷಕ್ಕೊಮ್ಮೆ ರೈಲು ಗಡಗಡ. ಟೀಚರ್ ಪಾಠ ನಿಲ್ಲಿಸಬೇಕು, ರೈಲು ಹೋದ ಮೇಲೆ ಮುಂದುವರಿಸಬೇಕು. ಆರ್ಲಿನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಎರಡೂ ಮಗ್ಗುಲಿನ ಮಕ್ಕಳ ಓದಿನ ಅಂಕ ಹೋಲಿಸಿ ನೋಡಿದರು. ಆರನೇ ತರಗತಿ ಹೊತ್ತಿಗೆ ರೈಲಿನ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದು ವರ್ಷ ಹಿಂದೆ! ಅದೇ ಶಾಲೆ, ಅದೇ ಪುಸ್ತಕ, ಅದೇ ಪಾಠ!

ಆಮೇಲೆ ಹಳಿಯ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿದರು, ತರಗತಿಯ ಚಾವಣಿಗೆ ಸದ್ದು ಹೀರುವ ಹಲಗೆ ಹೊಡೆಸಿದರು. ಮತ್ತೆ ಅಳೆದಾಗ ಎರಡೂ ಕಡೆಯ ಮಕ್ಕಳು ಸರಿಸಮ! ‘ಸದ್ದು ಮಾಡಬೇಡಿ’ ಬೋರ್ಡಿಗೆ ಇಷ್ಟು ಬೆಲೆ ಇದೆ ಅಂತ ಬರೆಸಿದವರಿಗೇ ಗೊತ್ತಿತ್ತೋ ಇಲ್ಲವೋ!

ಮತ್ತೆ ಲೈಬ್ರರಿಗೆ ಬರೋಣ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರೂ ಹಡರ್ಸ್‌ಫೀಲ್ಡಿನಂಥದ್ದೇ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಮೊದಲ ವರ್ಷದ ಹುಡುಗ ಹುಡುಗಿಯರಲ್ಲಿ ಲೈಬ್ರರಿ ಬಳಸಿದವರ ಅಂಕ ಮೊದಲ ಸೆಮಿಸ್ಟರಿನಲ್ಲೇ ಹೆಚ್ಚು. ಇನ್ನೂ ಒಂದು ಸಂಗತಿ ಬಯಲಾಯಿತು. ಎರಡನೇ ಸೆಮಿಸ್ಟರಿಗೆ ಓದು ಬಿಡದೆ ವಾಪಸು ಬಂದವರಲ್ಲೂ ಅವರೇ ಮುಂದೆ! ಆಸ್ಟ್ರೇಲಿಯಾದ ವಲಾಂಗಾಂಗ್ ವಿಶ್ವವಿದ್ಯಾಲಯದ ಲೆಕ್ಕವೂ ಅಂಕದ ವಿಷಯದಲ್ಲಿ ಇದೇ ದಿಕ್ಕಿಗೆ ಬೆರಳು ತೋರಿಸಿತು.

ಈಗ ಒಂದು ತರಲೆ ಪ್ರಶ್ನೆ. ಪುಸ್ತಕ ಒಯ್ದದ್ದರಿಂದ ಜಾಣರಾದರೋ, ಜಾಣರಾಗಿದ್ದರಿಂದ ಪುಸ್ತಕ ಒಯ್ದರೋ? ಕೋಳಿ ಮೊದಲೋ ಮೊಟ್ಟೆ ಮೊದಲೋ! ಈ ವಿಶ್ವವಿದ್ಯಾಲಯಗಳ ಲೆಕ್ಕ ಎರಡೂ ಒಟ್ಟಿಗೆ ಇರುತ್ತವೆ ಅಂತ ಹೇಳುತ್ತದೆ, ಯಾವುದು ಯಾವುದಕ್ಕೆ ಕಾರಣ ಅಂತ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಚೀಟಿ ಎತ್ತಬೇಕು. ಚೀಟಿ ಬಂದವರಿಗೆ ಪುಸ್ತಕ, ಬಾರದವರಿಗೆ ಇಲ್ಲ. ಅದನ್ನೂ ಮಾಡಿದ್ದಾರೆ!

ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಜತೆಗಾರರು ಬಡ ಮಕ್ಕಳೇ ಹೆಚ್ಚಿರುವ 17 ಶಾಲೆ ಆರಿಸಿದರು. ಬೇಸಿಗೆ ರಜೆ ಶುರುವಾಗುವ ಮುಂಚೆ ಪುಸ್ತಕ ಮೇಳ. ಚೀಟಿಯಲ್ಲಿ ಹೆಸರು ಬಂದ ಮಗು ತನಗೆ ಬೇಕಾದ 12 ಪುಸ್ತಕ ತಾನೇ ಆರಿಸಿಕೊಳ್ಳಬಹುದು. ವಾಪಸು ಕೊಡಬೇಕಿಲ್ಲ! ಹೀಗೆ ಮೂರು ಬೇಸಿಗೆ. ಪಾಠವಿಲ್ಲ, ಟ್ಯೂಷನ್ ಇಲ್ಲ, ಹೋಂವರ್ಕೂ ಇಲ್ಲ.

ಮೂರು ವರ್ಷದ ನಂತರ ಪರೀಕ್ಷೆ ಇಟ್ಟರೆ, ಪುಸ್ತಕ ಸಿಕ್ಕ ಮಕ್ಕಳು ಓದಿನಲ್ಲಿ ಮುಂದೆ. ಎಷ್ಟು ಮುಂದೆ? ಬೇಸಿಗೆ ಶಾಲೆಗೆ ಕಳಿಸಿದರೆ ಆಗುವಷ್ಟು! ಕಡುಬಡವರ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಲಾಭ! ಆ ಮಕ್ಕಳು ಆರಿಸಿದ್ದು ದೊಡ್ಡ ದೊಡ್ಡ ಗ್ರಂಥಗಳೇನಲ್ಲ. ಟಿವಿಯಲ್ಲಿ ಕಂಡವರ, ಹಾಡುಗಾರರ, ಆಟಗಾರರ ಪುಸ್ತಕಗಳೇ ಹೆಚ್ಚು ಖರ್ಚಾದವು. ‘ಅಂಥ ಪುಸ್ತಕ ಓದಿ ಏನು ಉಪಯೋಗ’ ಅಂತ ಮೂಗು ಮುರಿಯುವ ಹಿರಿಯರು ಗಮನಿಸಬೇಕು!

ಇನ್ನು ಮುಂದಿನ ಸಂಗತಿ ಕೇಳಿದರೆ ಕುರ್ಚಿಯಿಂದ ಏಳುತ್ತೀರಿ. ಚೀಟಿ ಎತ್ತಿ ನಡೆಸಿದ ಇಂಥ ಪ್ರಯೋಗ ನಮ್ಮ ಬೆಂಗಳೂರಿನಲ್ಲೂ ಆಗಿದೆ! ಕೆಲವು ಸರ್ಕಾರಿ ಶಾಲೆಗಳಿಗೆ ಒಂದು ಸ್ವಯಂಸೇವಾ ಸಂಸ್ಥೆ ಲೈಬ್ರರಿ ಕೊಟ್ಟಿತು. ಕೆಲವು ಕಡೆ ಶಾಲೆಯೊಳಗೇ ಲೈಬ್ರರಿ, ಇನ್ನು ಕೆಲವು ಕಡೆ ಬಂದು ಹೋಗುವ ಸಂಚಾರಿ ಲೈಬ್ರರಿ. ಕೊಡದ ಶಾಲೆಗಳನ್ನೂ ಜತೆಗಿಟ್ಟು ನೋಡಿದರು. 16 ತಿಂಗಳ ನಂತರ ಭಾಷಾ ಪರೀಕ್ಷೆ ಇಟ್ಟರು. ಅರ್ಥಶಾಸ್ತ್ರಜ್ಞರಾದ ಇವಾನ್ ಬೋರ್ಕಮ್, ಫಾಂಗ್ ಹೆ ಮತ್ತು ಲೀ ಲಿಂಡೆನ್ 2012ರಲ್ಲಿ ಫಲಿತಾಂಶ ಹೊರಗಿಟ್ಟರು.

ಏನಾಗಿತ್ತು ಗೊತ್ತೇ? ಏನೂ ಆಗಿರಲಿಲ್ಲ! ಶಾಲೆಯೊಳಗೆ ಲೈಬ್ರರಿ ಇದ್ದ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಅಂಕ ಹತ್ತಿರ ಹತ್ತಿರ ಒಂದೇ. ಸಂಚಾರಿ ಲೈಬ್ರರಿ ಬಂದ ಶಾಲೆಗಳಲ್ಲಿ ಅಂಕ ತುಸು ಇಳಿದೇ ಹೋಗಿತ್ತು! ಲೈಬ್ರರಿ ಬಂದರೆ ಮಾರ್ಕ್ಸ್ ಕಡಿಮೆಯೇ? ನಾನೂ ಎರಡು ಸಲ ಓದಿದ ಮೇಲೆಯೇ ನಂಬಿದೆ!

ಆದರೆ ತಾಳಿ. ಆ ಮೂವರಲ್ಲಿ ಲೀ ಲಿಂಡೆನ್ ಸುಮ್ಮನೆ ಕೂರಲಿಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಬೇರೆ ಜತೆಗಾರರೊಂದಿಗೆ ಇನ್ನೊಂದು ಪ್ರಯೋಗದಲ್ಲಿ ಕೈಜೋಡಿಸಿದರು. ನೂರು ಶಾಲೆ, ನಾಲ್ಕನೇ ತರಗತಿಯ ಐದು ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧದಷ್ಟು ಶಾಲೆಗಳಿಗೆ ಮಕ್ಕಳ ವಯಸ್ಸಿಗೆ ಒಪ್ಪುವ ಕಥೆಪುಸ್ತಕ ಕೊಟ್ಟರು. ಪುಸ್ತಕ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಟೀಚರುಗಳಿಗೆ ತರಬೇತಿ ಕೊಟ್ಟರು. 31 ದಿನ ತರಗತಿಯಲ್ಲೇ ಓದಿನ ಹಬ್ಬ. ದಿನಾ ಒಂದಷ್ಟು ಹೊತ್ತು ಓದು, ಓದಿನ ಆಟ, ಎಷ್ಟು ಪುಸ್ತಕ ಮುಗಿಯಿತು ಎಂಬ ಲೆಕ್ಕ.

ಈ ಸಲ ಅಂಕ ಏರಿತು! ಶಾಲೆಯಿಂದಾಚೆಗೂ ಮಕ್ಕಳು ಹೆಚ್ಚು ಓದತೊಡಗಿದರು! ಅಲ್ಲೂ ಪುಸ್ತಕ, ಇಲ್ಲೂ ಪುಸ್ತಕ. ಫಲ ಮಾತ್ರ ಬೇರೆ. ಎರಡೂ ಕಡೆ ಭಾಷೆ ಬೇರೆ, ಶಾಲೆ ಬೇರೆ, ಹಾಗಾಗಿ ಇದೇ ಕಾರಣ ಅಂತ ಮೇಜು ಕುಟ್ಟಿ ಹೇಳುವಂತಿಲ್ಲ. ಆದರೂ ಹಡರ್ಸ್‌ಫೀಲ್ಡಿನ ಗೇಟಿನ ಕಥೆ ಮತ್ತೆ ನೆನಪಾಗುತ್ತದೆ. ಪುಸ್ತಕ ಹತ್ತಿರ ಬಂದರೆ ಸಾಲದು, ಕೈಗೆ ಬರಬೇಕು!

ಅಂದಹಾಗೆ ಹಡರ್ಸ್‌ಫೀಲ್ಡಿನವರು ಇನ್ನೂ ಒಂದು ಚೇಷ್ಟೆ ಮಾಡಿದ್ದಾರೆ. ಲೈಬ್ರರಿ ಬಳಸಿದ್ದಕ್ಕೆ ಪಾಯಿಂಟು, ಬ್ಯಾಡ್ಜು ಕೊಡುವ ಒಂದು ಆಟವನ್ನೇ ತಯಾರಿಸಿದರು. ಹೆಸರು ‘ಲೆಮನ್ ಟ್ರೀ’. ಪುಸ್ತಕ ಒಯ್ದರೆ ಪಾಯಿಂಟು, ಒಯ್ದ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆದರೆ ಪಾಯಿಂಟು! ‘ಈ ಪುಸ್ತಕ ಒಯ್ದವರು ಇದನ್ನೂ ಒಯ್ದಿದ್ದಾರೆ’ ಅಂತ ಅಂಗಡಿಯವರ ಹಾಗೆ ಆಸೆ ಹುಟ್ಟಿಸುವುದನ್ನೂ ಅವರು ಬಹಳ ಹಿಂದೆಯೇ ಶುರುಮಾಡಿದ್ದರು.

ಪುಸ್ತಕವನ್ನು ಯಾರೂ ಒಯ್ಯದಂತೆ ತಡೆಯಲು ಹಿಂದಿನವರು ಏನು ಮಾಡುತ್ತಿದ್ದರು ಗೊತ್ತೇ? ಸರಪಳಿ ಹಾಕುತ್ತಿದ್ದರು! ಪುಸ್ತಕಕ್ಕೆ ಕಬ್ಬಿಣದ ಸರಪಳಿ, ಅದರ ಇನ್ನೊಂದು ತುದಿ ಕಪಾಟಿಗೆ. ಇಂಗ್ಲೆಂಡಿನ ಹೆರಿಫೋರ್ಡ್ ಚರ್ಚಿನಲ್ಲಿ ಅಂಥ ಲೈಬ್ರರಿ ಇವತ್ತಿಗೂ ಇದೆ, ಸರಪಳಿ ಸಮೇತ! ನಮ್ಮಲ್ಲಿ ಸರಪಳಿ ಇಲ್ಲ, ಸದ್ಯ. ಗಾಜಿನ ಬೀರುವಿಗೆ ಬೀಗ ಹಾಕಿ, ಕೀಲಿಕೈ ಹೆಡ್‌ಮಾಸ್ಟರ ಡ್ರಾಯರಿನಲ್ಲಿಟ್ಟ ಶಾಲೆಗಳಿವೆ!

ಪುಸ್ತಕ ಇರುವುದು ಬಳಸುವುದಕ್ಕೆ. ಇಷ್ಟು ಸರಳ ಮಾತನ್ನು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರ ಮಾಡಿದವರು ಎಸ್.ಆರ್. ರಂಗನಾಥನ್. ಅವರು ಮೊದಲು ಏನಾಗಿದ್ದರು? ಗಣಿತದ ಮೇಷ್ಟ್ರು! 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸವಿಲ್ಲದೆ ಕೂತು ಕೂತು ಎಷ್ಟು ಬೇಜಾರಾಯಿತೆಂದರೆ, ಕೆಲವೇ ದಿನಗಳಲ್ಲಿ ಓಡಿಹೋಗಿ ‘ನನ್ನ ಪಾಠದ ಕೆಲಸವೇ ವಾಪಸು ಕೊಡಿ’ ಅಂದರು!

ಅವರನ್ನು ಸಮಾಧಾನ ಮಾಡಿ ಲಂಡನ್ನಿಗೆ ಕಳಿಸಿದರು. ಓದಿ ಬನ್ನಿ, ಆಗಲೂ ಬೇಡವೆನಿಸಿದರೆ ಬಿಟ್ಟುಬಿಡಿ ಅಂದರು. ಹೋದರು. ನೂರಕ್ಕೂ ಹೆಚ್ಚು ಲೈಬ್ರರಿ ಸುತ್ತಿದರು. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮಕ್ಕಳ ಆಟಿಕೆ, ಮೆಕ್ಯಾನೊ ಸೆಟ್ಟು ಕಂಡಿತು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಬೊಂಬೆ! ಪುಸ್ತಕದ ವಿಷಯಗಳನ್ನೂ ಹೀಗೇ ಜೋಡಿಸಬಹುದಲ್ಲ ಅಂತ ಹೊಳೆಯಿತು. ಅಲ್ಲಿಂದ ಬಂದದ್ದೇ ಅವರ ಜಗತ್ಪ್ರಸಿದ್ಧ ಕೋಲನ್ ವರ್ಗೀಕರಣ! ಮೇಷ್ಟ್ರ ಕೆಲಸ ಅವರು ಮತ್ತೆ ಕೇಳಲಿಲ್ಲ.

ಈ ರಂಗನಾಥನ್ ಕೊನೆಗೆ ನೆಲೆಯಾದದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ! 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಶುರುಮಾಡಿದರು. ಅದು ಇವತ್ತಿಗೂ ಇದೆ. 1972ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಆಗಸ್ಟ್ 12, ದೇಶದಲ್ಲಿ ಗ್ರಂಥಪಾಲಕರ ದಿನ, ಅವರ ನೆನಪಿನದು.

ಮೈಸೂರಿನವರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮದೂ ಇದೆ! ಕೌಟಿಲ್ಯನ ಅರ್ಥಶಾಸ್ತ್ರ ಇಡೀ ಗ್ರಂಥವಾಗಿ ಈ ಕಾಲಕ್ಕೆ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟು. ಅದನ್ನು ಬಿಚ್ಚಿ ಓದಿದವರು ಅಲ್ಲಿಯ ಗ್ರಂಥಪಾಲಕ ಆರ್. ಶಾಮಶಾಸ್ತ್ರಿ. ಅದು 1905. ನಾಲ್ಕು ವರ್ಷದಲ್ಲಿ ಅಚ್ಚಾಯಿತು, ಜಗತ್ತು ಕಣ್ಣರಳಿಸಿತು. ಬಿಚ್ಚದೇ ಇದ್ದಿದ್ದರೆ?

ಲೈಬ್ರರಿ ಪುಸ್ತಕದಿಂದ ಪರೀಕ್ಷೆಯಲ್ಲಿ ಫೇಲಾದವರು ಯಾರಾದರೂ ಇದ್ದಾರಾ? ಇದ್ದಾರೆ! ಅವರ ಹೆಸರು ಕೇಳಿದರೆ ಬೆಚ್ಚಿಬೀಳುತ್ತೀರಿ. ಶ್ರೀನಿವಾಸ ರಾಮಾನುಜನ್!

ಕುಂಭಕೋಣದ ಹುಡುಗ. ಹದಿನೈದು ಹದಿನಾರರ ವಯಸ್ಸು. ಗೆಳೆಯರ ಮೂಲಕ ಕಾಲೇಜು ಲೈಬ್ರರಿಯ ಒಂದು ಪುಸ್ತಕ ಕೈಗೆ ಬಂತು. ಬರೆದವರು ಜಿ.ಎಸ್. ಕಾರ್. ಒಳಗೆ ಏನಿತ್ತು? ಸುಮಾರು ಐದು ಸಾವಿರ ಗಣಿತ ಸೂತ್ರಗಳ ಪಟ್ಟಿ. ಬಹುಪಾಲಕ್ಕೆ ವಿವರಣೆಯೂ ಇಲ್ಲ, ಸಾಧನೆಯೂ ಇಲ್ಲ. ಬೇರೆಯವರಾಗಿದ್ದರೆ ಎರಡೇ ನಿಮಿಷಕ್ಕೆ ಮುಚ್ಚಿಡುತ್ತಿದ್ದರು. ಈ ಹುಡುಗ ಒಂದೊಂದನ್ನೂ ತಾನೇ ಸಾಧಿಸಿ ನೋಡಲು ಕೂತ!

ಗಣಿತದ ಹುಚ್ಚು ನೆತ್ತಿಗೇರಿತು. ಇಂಗ್ಲಿಷು, ಇತಿಹಾಸ ಮೂಲೆಗೆ ಬಿದ್ದವು. ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೈತಪ್ಪಿತು. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರೆ ಅಲ್ಲೂ ಈಗಿನ ಪಿಯುಸಿಯಂಥ ಎಫ್.ಎ. ಪರೀಕ್ಷೆಯಲ್ಲಿ ಫೇಲು, ಅದೂ ಎರಡು ಸಲ! ಮಾರ್ಕ್ಸ್ ಕಾರ್ಡ್ ನೋಡಿದ್ದರೆ ‘ಈ ಹುಡುಗನಿಗೆ ಲೈಬ್ರರಿ ಬಿಡಿಸಿ’ ಅನ್ನುತ್ತಿದ್ದೆವು. 1918ರಲ್ಲಿ ಅದೇ ಹುಡುಗ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ!

ಗಣಿತದ ಇನ್ನೊಬ್ಬ ಹುಡುಗ. ಇವನು ಇಂಗ್ಲೆಂಡಿನ ಕೇಂಬ್ರಿಜ್ ಊರಿನವನು. ಹತ್ತು ವರ್ಷದವನಿದ್ದಾಗ ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಮಿಲ್ಟನ್ ರಸ್ತೆಯ ಲೈಬ್ರರಿಗೆ ನುಗ್ಗಿದ. ಒಂದು ಪುಸ್ತಕ ಎತ್ತಿಕೊಂಡ. ಅದರಲ್ಲಿ ಒಂದು ಲೆಕ್ಕ. ಹತ್ತರ ಹುಡುಗನಿಗೂ ಅರ್ಥವಾಗುವಷ್ಟು ಸುಲಭದ ಪ್ರಶ್ನೆ, ಮುನ್ನೂರು ವರ್ಷದಿಂದ ಯಾರಿಗೂ ಸಿಗದ ಉತ್ತರ. ಫರ್ಮಾನ ಕೊನೆಯ ಪ್ರಮೇಯ! ನಾನೇ ಬಿಡಿಸುತ್ತೇನೆ ಅಂದುಕೊಂಡ. ಬಿಡಿಸಿಯೂ ಬಿಟ್ಟ, ಸುಮಾರು ಮೂವತ್ತು ವರ್ಷದ ಮೇಲೆ! ಅವರೇ ಆ್ಯಂಡ್ರ್ಯೂ ವೈಲ್ಸ್. 1993ರಲ್ಲಿ ಉತ್ತರ ಸಾರಿದರು. ಅದರಲ್ಲೊಂದು ತಪ್ಪು ಸಿಕ್ಕಿತು. 1994ರಲ್ಲಿ ಅದನ್ನೂ ಸರಿಮಾಡಿದರು. ಲೈಬ್ರರಿಯ ಒಂದೇ ಪುಸ್ತಕಕ್ಕೆ ಎಂಥ ಬಡ್ಡಿ!

ಶಾಲೆಯಿಂದ ಹೊರಗೆ ಬಿದ್ದವನನ್ನೂ ಲೈಬ್ರರಿ ಎತ್ತಿದ್ದುಂಟು. ಆಫ್ರಿಕಾದ ಮಲಾವಿ ದೇಶ. ಬರಗಾಲ. ವಿಲಿಯಂ ಕಾಮ್‌ಕ್ವಾಂಬ ಎಂಬ ಹದಿನಾಲ್ಕರ ಹುಡುಗ. ಫೀಸು ಕಟ್ಟಲಾಗದೆ ಶಾಲೆ ಬಿಟ್ಟ. ಸುಮ್ಮನೆ ಕೂರಲಾರದೆ ಊರಿನ ಪ್ರಾಥಮಿಕ ಶಾಲೆಯ ಪುಟ್ಟ ಲೈಬ್ರರಿಗೆ ಹೋಗತೊಡಗಿದ. ಇಂಗ್ಲಿಷು ಅಷ್ಟಕ್ಕಷ್ಟೇ. ಒಂದು ವಿಜ್ಞಾನ ಪುಸ್ತಕದ ಮೇಲೆ ಗಾಳಿಯಂತ್ರದ ಚಿತ್ರ ಕಂಡ. ಚಿತ್ರ ನೋಡಿ, ಗೊತ್ತಾಗದ ಪದಕ್ಕೆ ನಿಘಂಟು ನೋಡಿ, ಗುಜರಿಯಲ್ಲಿ ಹುಡುಕಾಡಿದ. ಸೈಕಲ್ಲಿನ ಬಿಡಿಭಾಗ, ಟ್ರ್ಯಾಕ್ಟರಿನ ಫ್ಯಾನು, ಪ್ಲಾಸ್ಟಿಕ್ ಪೈಪು, ನೀಲಗಿರಿ ಮರದ ಕಂಬ. ಊರವರು ಹುಚ್ಚ ಅಂದರು. ಬಲ್ಬು ಉರಿಯಿತು!

ಮುಂದೆ? ಆ ಹುಡುಗ ಮತ್ತೆ ಶಾಲೆಗೆ ಹೋದ. 2014ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರನಾದ!

ಲೈಬ್ರರಿಯಲ್ಲೇ ದಿನ ಕಳೆದ ಇನ್ನೊಬ್ಬರು ಡಾ. ಅಂಬೇಡ್ಕರ್. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮೂರು ವರ್ಷದಲ್ಲಿ ತೆಗೆದುಕೊಂಡ ಕೋರ್ಸುಗಳು ಎಷ್ಟು? ಅರ್ಥಶಾಸ್ತ್ರ ಒಂದರಲ್ಲೇ 29! ಲಂಡನ್ನಿನಲ್ಲಿ ಓದುವಾಗ ಬ್ರಿಟಿಷ್ ಮ್ಯೂಸಿಯಂ ವಾಚನಾಲಯದಲ್ಲಿ ಬಾಗಿಲು ತೆರೆದಾಗ ಒಳಗೆ ಹೋದರೆ, ಬಾಗಿಲು ಹಾಕುವಾಗ ಹೊರಗೆ. ಮುಂಬಯಿಯಲ್ಲಿ ಮನೆ ಕಟ್ಟಿಸುವಾಗಲೂ ಮೊದಲು ಯೋಚಿಸಿದ್ದು ಪುಸ್ತಕಗಳಿಗೆ ಜಾಗ!

ಲೈಬ್ರರಿಯಲ್ಲೇ ಪದವಿ ಮುಗಿಸಿದವರ ಕಥೆ ಕೇಳಿದ್ದೀರಾ? ಅಮೆರಿಕದ ಲೇಖಕ ರೇ ಬ್ರಾಡ್‌ಬರಿ ಹೈಸ್ಕೂಲ್ ಮುಗಿಸಿದಾಗ ಕಾಲೇಜಿಗೆ ದುಡ್ಡಿರಲಿಲ್ಲ. ವಾರಕ್ಕೆ ಮೂರು ದಿನದಂತೆ ಹತ್ತು ವರ್ಷ ಲೈಬ್ರರಿಗೆ ಹೋದರು. ‘ನಾನು ಲೈಬ್ರರಿಯ ಪದವೀಧರ’ ಅಂತ ಹೇಳಿಕೊಳ್ಳುತ್ತಿದ್ದರು. ಅವರ ‘ಫ್ಯಾರನ್‌ಹೈಟ್ 451’ ಕಾದಂಬರಿ ಶುರುವಾದದ್ದೂ ಲಾಸ್ ಏಂಜಲಿಸ್ಸಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ. ಅಲ್ಲಿ ಬಾಡಿಗೆ ಟೈಪ್‌ರೈಟರು. ಅರ್ಧ ಗಂಟೆಗೆ ಹತ್ತು ಸೆಂಟು. ನಾಣ್ಯ ಹಾಕು, ಕುಟ್ಟು, ಟೈಂ ಮುಗಿಯಿತು, ಮತ್ತೆ ಹಾಕು! ಮೊದಲ ಕರಡಿಗೆ ಆದ ಖರ್ಚು 9 ಡಾಲರ್ 80 ಸೆಂಟು. ಕಥೆ ಯಾವುದರ ಬಗ್ಗೆ? ಪುಸ್ತಕ ಸುಡುವುದರ ಬಗ್ಗೆ!

ಪುಸ್ತಕ ಸುಡುವುದಿರಲಿ, ವಾಪಸು ಕೊಡಲು ತಡವಾದರೂ ದಂಡ. ಬಹಳ ಊರುಗಳ ರೂಢಿ. ಅಮೆರಿಕದ ಷಿಕಾಗೊ ನಗರದ ಗ್ರಂಥಾಲಯ 2019ರ ಅಕ್ಟೋಬರಿನಲ್ಲಿ ದಂಡವನ್ನೇ ತೆಗೆದುಹಾಕಿತು. ಇನ್ನು ಯಾರೂ ಪುಸ್ತಕ ತರುವುದೇ ಇಲ್ಲ ಅಂದುಕೊಂಡಿರಾ? ಮುಂದಿನ ಕೆಲವೇ ವಾರದಲ್ಲಿ ವಾಪಸು ಬಂದ ಪುಸ್ತಕಗಳ ಸಂಖ್ಯೆ ಶೇ 240ರಷ್ಟು ಜಾಸ್ತಿ! ದಂಡಕ್ಕೆ ಹೆದರಿ ಹಾಸಿಗೆ ಕೆಳಗೆ ಬಚ್ಚಿಟ್ಟವರೆಲ್ಲ ಹೊರಗೆ ಬಂದರು. ದಂಡದಿಂದ ಕಾರ್ಡು ಅಮಾನತಾದವರಲ್ಲಿ ಐದಕ್ಕೆ ಒಬ್ಬರು 14 ವರ್ಷದೊಳಗಿನ ಮಕ್ಕಳು!

ಲೈಬ್ರರಿಯಲ್ಲಿ ಕೂತು ಅದೇ ಪಾಠ ನಾಲ್ಕು ಸಲ ಓದುತ್ತೀರಾ? ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದು ಸರದಿ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ವಾರದ ಮೇಲೆ ನೋಡಿದರೆ ಓದಿದವರಿಗೆ ನೆನಪಿದ್ದದ್ದು ಶೇ 40ರಷ್ಟು, ಬರೆದವರಿಗೆ ಶೇ 61ರಷ್ಟು! ತಮಾಷೆ ಏನು ಗೊತ್ತೇ? ಓದಿದ ದಿನ ‘ನಮಗೆ ಚೆನ್ನಾಗಿ ನೆನಪಿರುತ್ತೆ’ ಅಂದವರು ನಾಲ್ಕು ಸರದಿ ಓದಿದವರೇ!

ದಿನಾ ಅದೇ ಕುರ್ಚಿಗಾಗಿ ಜಗಳ ಮಾಡುವವರಿಗೆ ಇನ್ನೊಂದು. 1978ರ ಒಂದು ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪದಗಳ ಪಟ್ಟಿಯೊಂದನ್ನು ಎರಡು ಸಲವೂ ಒಂದೇ ಕೋಣೆಯಲ್ಲಿ ಕಲಿತರು. ಉಳಿದವರು ಒಮ್ಮೆ ಕಿಟಕಿಯೇ ಇಲ್ಲದ ಗಲೀಜು ಕೋಣೆಯಲ್ಲಿ, ಇನ್ನೊಮ್ಮೆ ಕಿಟಕಿಯಿದ್ದ ಕೋಣೆಯಲ್ಲಿ. ಮೂರನೆಯ, ಹೊಸ ಕೋಣೆಯಲ್ಲಿ ಪರೀಕ್ಷೆ. ಕೋಣೆ ಬದಲಿಸಿದವರಿಗೇ ಹೆಚ್ಚು ಪದ ನೆನಪಿತ್ತು! ಇವತ್ತು ಮನೆ, ನಾಳೆ ಲೈಬ್ರರಿ ಅಂತ ತಿರುಗುವವರನ್ನು ಬೈಯಬೇಡಿ!

ಎಲ್ಲಿ ಕೂತು ಓದುವುದು ಅನ್ನುವುದಾಯಿತು, ಇನ್ನು ಯಾರ ಮುಂದೆ ಓದುವುದು? ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ತಡವರಿಸುತ್ತ ಓದುವ ಮಕ್ಕಳು ಲೈಬ್ರರಿಗೆ ಬಂದು ಜೋರಾಗಿ ಓದಬೇಕು. ಯಾರಿಗೆ? ನಾಯಿಗೆ! ನಾಯಿ ತಪ್ಪು ಹಿಡಿಯುವುದಿಲ್ಲ, ನಗುವುದಿಲ್ಲ, ಪಕ್ಕದ ಹುಡುಗನ ಜತೆ ಹೋಲಿಸುವುದಂತೂ ಇಲ್ಲವೇ ಇಲ್ಲ!

ನಾಯಿ ಕೇಳಿದರೆ, ಕತ್ತೆ ಹೊರುತ್ತದೆ. ಕೊಲಂಬಿಯಾ ದೇಶದ ಲೂಯಿಸ್ ಸೊರಿಯಾನೊ ಎಂಬ ಶಾಲಾ ಮೇಷ್ಟ್ರು ಎರಡು ಕತ್ತೆಗಳ ಮೇಲೆ ಪುಸ್ತಕ ಹೇರಿಕೊಂಡು ಗುಡ್ಡದ ಹಳ್ಳಿಗಳಿಗೆ ಹೊರಟರು. ಪುಸ್ತಕ ಕೈಗೆ ಸಿಕ್ಕ ತಮ್ಮ ವಿದ್ಯಾರ್ಥಿಗಳು ಬದಲಾದದ್ದನ್ನು ನೋಡಿಯೇ ಅವರಿಗೆ ಈ ಯೋಚನೆ ಬಂದದ್ದು. ಕೀನ್ಯಾದಲ್ಲಿ 1996ರಿಂದ ಒಂಟೆ ಲೈಬ್ರರಿ! ಇವರಿಗೆಲ್ಲ ಮೊದಲೇ, 1931ರಲ್ಲಿ, ತಮಿಳುನಾಡಿನ ಮನ್ನಾರ್‌ಗುಡಿ ಸುತ್ತ ಎತ್ತಿನಗಾಡಿ ಲೈಬ್ರರಿ ಹಳ್ಳಿಹಳ್ಳಿ ಸುತ್ತಿತ್ತು!

ಲೈಬ್ರರಿ ಮನೆಬಾಗಿಲಿಗೆ ಬಂದಾಯಿತು, ಮನೆಯೊಳಗೇ ಪುಸ್ತಕವಿದ್ದರೆ ಎಷ್ಟು ಲಾಭ? ಮರಾಯಾ ಇವಾನ್ಸ್ ಮತ್ತು ಜತೆಗಾರರು 27 ದೇಶಗಳ 70,000ಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿ 2010ರಲ್ಲಿ ಹೇಳಿದರು. 500 ಪುಸ್ತಕವಿದ್ದ ಮನೆಯ ಮಕ್ಕಳು, ಒಂದೂ ಇಲ್ಲದ ಮನೆಯ ಮಕ್ಕಳಿಗಿಂತ ಸರಾಸರಿ 3.2 ವರ್ಷ ಹೆಚ್ಚು ಓದಿದ್ದರು! ಇನ್ನೊಂದು ಅಧ್ಯಯನ, 31 ದೇಶಗಳದು, ಇನ್ನೂ ಜೋರು. ಪುಸ್ತಕ ತುಂಬಿದ ಮನೆಯಲ್ಲಿ ಬೆಳೆದು ಹೈಸ್ಕೂಲನ್ನೂ ಪೂರ್ತಿ ಮುಗಿಸದವರು ಓದುಬರಹದಲ್ಲಿ, ಹೆಚ್ಚು ಪುಸ್ತಕವಿಲ್ಲದ ಮನೆಯಿಂದ ಬಂದ ಡಿಗ್ರಿಯವರಿಗೆ ಸರಿಸಾಟಿ! ಐನೂರು ಪುಸ್ತಕ ಎಲ್ಲಿಂದ ತರೋಣ ಅನ್ನುತ್ತೀರಾ? ಇಪ್ಪತ್ತಿದ್ದರೂ ವ್ಯತ್ಯಾಸ ಕಾಣುತ್ತದಂತೆ.

ಇಪ್ಪತ್ತು ಬಿಡಿ, ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ ಕೂಡಿಟ್ಟವರು ಮಂಡ್ಯ ಜಿಲ್ಲೆಯಲ್ಲಿದ್ದಾರೆ! ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರು. ಬಸ್ ಕಂಡಕ್ಟರ್ ಆಗಿದ್ದವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಪಾಲು ಪುಸ್ತಕಕ್ಕೆ. ಸಾಲದಾದಾಗ ಮೈಸೂರಿನ ಆಸ್ತಿಯನ್ನೂ ಮಾರಿದರು. ಅವರ ‘ಪುಸ್ತಕ ಮನೆ’ಗೆ ಶಾಲೆಯ ಮಕ್ಕಳೂ ಬರುತ್ತಾರೆ, ಐಎಎಸ್ ಪರೀಕ್ಷೆಗೆ ಓದುವವರೂ ಬರುತ್ತಾರೆ. ಶುಲ್ಕ? ಒಂದು ರೂಪಾಯಿಯೂ ಇಲ್ಲ!

ನಮ್ಮ ಹಳ್ಳಿಗಳಿಗೂ ಬನ್ನಿ. ರಾಜ್ಯದ ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ‘ಅರಿವು ಕೇಂದ್ರ’ಗಳು. ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ! ನಿಮ್ಮ ಮಗುವಿನ ಹೆಸರು ಅಲ್ಲಿದೆಯಾ?

ಇನ್ನು ಪಟ್ಟಣದವರು. ನಿಮ್ಮ ಮನೆ ಕಂದಾಯದ ರಸೀದಿ ತೆಗೆಯಿರಿ. ಆರೋಗ್ಯ ಕರ, ಭಿಕ್ಷುಕರ ಕರ ಅಂತೆಲ್ಲ ಇದೆಯಲ್ಲ, ಅದರ ಪಕ್ಕದಲ್ಲೇ ಹುಡುಕಿ. ಗ್ರಂಥಾಲಯ ಕರ. ತೆರಿಗೆಯ ಮೇಲೆ ಶೇ 6! ಜೀವಮಾನದಲ್ಲಿ ಒಂದು ಸಲವೂ ಲೈಬ್ರರಿ ಮೆಟ್ಟಿಲು ಹತ್ತದವರೂ ವರ್ಷವರ್ಷ ತಪ್ಪದೆ ಕಟ್ಟುತ್ತಿದ್ದಾರೆ. ಆ ಕಪಾಟಿನ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ!